ನೆಟ್ಟಗೆ ಹೊಲಿದ ಹಾಯಿ

ಗದಗ-ಬೆಟಗೇರಿಯ ನೇಕಾರರ ಓಣಿಯಲ್ಲಿ ಸುನಿತಾಳ ಹೊಲಿಗೆ ಅಂಗಡಿಗೆ ಬರುವ ಬಟ್ಟೆ ಎರಡೇ ಬಗೆ. ಒಂದು, ಫಾಲ್ ಹಚ್ಚಿ ಕುಚ್ಚು ಕಟ್ಟಬೇಕಾದ ಸೀರೆ. ಇನ್ನೊಂದು, ಸುಗ್ಗಿಯಲ್ಲಿ ಟ್ರ್ಯಾಕ್ಟರಿಗೆ ಹೊದಿಸುವ ತಾಡಪತ್ರಿ. ಹಾಗಾಗಿ ಆ ಮಂಗಳವಾರ ಬೆಳಗ್ಗೆ ಎತ್ತರದ ಗಂಡಸೊಬ್ಬ ಕಂಕುಳಲ್ಲಿ ಬಿಳಿ ಸುರುಳಿ ಹಿಡಿದು ಹೊಸ್ತಿಲಲ್ಲಿ ನಿಂತಾಗ ಅವಳು ತಲೆ ಎತ್ತದೆ ಕೇಳಿದಳು.

"ಟ್ರ್ಯಾಕ್ಟರಿಂದೋ, ಲಾರೀದೋ?"

"ದೋಣೀದ್ರಿ ಅಕ್ಕಾರ."

ಮಷೀನಿನ ಸೂಜಿ ನಿಂತಿತು. ಬಿಸಿಲಿಗೆ ಕಂದಿದ ಮುಖ, ಒಂದೇ ಕಡೆ ಮಡಚಿದ ತೋಳು, ಯಾವುದೋ ಕಂಪನಿಯ ಹೆಸರಿದ್ದ ನೀಲಿ ಅಂಗಿ. ತಮಾಷೆ ಮಾಡುವ ಮುಖವಲ್ಲ.

"ನಮ್ಮ ನಳಕ್ಕ ನೀರು ಬಂದು ಎಂಟು ದಿನ ಆತ್ರಿ. ನೀವು ದೋಣಿ ಎಲ್ಲಿ ಬಿಡಾವ್ರು?"

"ಹಮ್ಮಿಗಿ ಬ್ಯಾರೇಜಿನ ಹಿನ್ನೀರಾಗ. ಇದು ಅದರ ಹಾಯಿ. ಹೊಲಿಗಿ ಎಲ್ಲಾ ಬಿಸಲಿಗೆ ಸತ್ತಾವ. ತಾಡಪತ್ರಿ ಹೊಲಿಯೋರಂದ್ರ ನೀವ ಅಂತ ಹೇಳಿದ್ರು."

ಒಳಗೆ ಕುಣಿಮಗ್ಗದ ಸದ್ದು ನಿಂತಿತು. ಅಪ್ಪ ಬಾಬಣ್ಣ ಕಿವಿ ಇತ್ತ ಕೊಟ್ಟಿದ್ದಾನೆಂದು ಅರ್ಥ.

"ಕುಂಡ್ರೂದು ಬ್ಯಾಡ್ರಿ, ಕೆಲಸ ಏನಂತ ಹೇಳಿ ಹೋಗ್ರಿ. ನನಗ ಪುರಸೊತ್ತಿಲ್ಲ," ಎಂದಳು ಸುನಿತಾ. ಗಂಡಸರು ಅಂಗಡಿಯಲ್ಲಿ ಹೆಚ್ಚು ಹೊತ್ತು ಕೂತರೆ ಓಣಿಗೆ ಬಾಯಿ ಬರುತ್ತದೆ. ಇಪ್ಪತ್ತೆಂಟು ವಯಸ್ಸಿನ, ಮದುವೆಯಾಗದ ಹುಡುಗಿಯ ಅಂಗಡಿಯಾದರೆ ಇನ್ನೂ ಜಲ್ದಿ ಬರುತ್ತದೆ.

ಆತ ಕೂಡಲಿಲ್ಲ. ನಿಂತುಕೊಂಡೇ ಹೇಳಿದ. ಹೆಸರು ಅಜಯಕುಮಾರ, ಊರು ಮುಂಡರಗಿ, ಕೆಲಸ ಕಪ್ಪತಗುಡ್ಡದ ಮೇಲೆ ಕರೆಂಟ್ ತೆಗೆಯುವ ಗಾಳಿ ಫ್ಯಾನುಗಳ ರಿಪೇರಿ. ಟ್ರೇನಿಂಗಿಗೆಂದು ಕಾರವಾರಕ್ಕೆ ಹೋದಾಗ ಯಾರದೋ ಹಿತ್ತಲಲ್ಲಿ ಒಂದು ಸಣ್ಣ ಹಾಯಿದೋಣಿ ಬೋರಲು ಬಿದ್ದಿತ್ತು. ಅದರ ಮೇಲೆ ಕುಂಬಳದ ಬಳ್ಳಿ ಹಬ್ಬಿತ್ತು. ಬಳ್ಳಿ ಬಿಡಿಸಿ, ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದ.

"ದೋಣಿ ನಡಸಾಕ ಬರತೈತೇನ್ರಿ?"

"ಕಲೀತೀನ್ರಿ."

"ಯಾರ ಕಡಿಂದ?"

"ದೋಣಿ ಕಡಿಂದನ," ಎಂದು ಅಜಯಕುಮಾರ ಮೊದಲ ಸಲ ನಕ್ಕ. "ಹತ್ತು ವರ್ಷ ಗಾಳಿ ಚಾಕರಿ ಮಾಡೇನ್ರಿ ಅಕ್ಕಾರ. ಎಂಬತ್ತು ಮೀಟರ್ ಮ್ಯಾಲೆ ಹತ್ತಿ ಗ್ರೀಸ್ ಹಾಕೂದು, ಇಳಿಯೂದು. ಒಂದ ದಿನ ಗಾಳಿ ನನ್ನ ಹೊತ್ಕೊಂಡು ಹೋಗಲಿ ಅಂತ ಆಸೆ."

ಇಂಥ ಮಾತಿಗೆ ಸುನಿತಾ ನಕ್ಕುಬಿಡಬೇಕಿತ್ತು. ಓಣಿಯಲ್ಲಿ ಬೇರೆ ಯಾರು ಕೇಳಿದ್ದರೂ ನಗುತ್ತಿದ್ದರು. ಅವಳು ನಗಲಿಲ್ಲ, ಸುರುಳಿಯನ್ನು ಕೈಗೆ ತೆಗೆದುಕೊಂಡು, "ಮುಂದಿನ ಮಂಗಳವಾರ ಬರ್ರಿ," ಎಂದಳು. ಆತ ಹೋದ ಮೇಲೂ ಸ್ವಲ್ಪ ಹೊತ್ತು ಹೊಸ್ತಿಲ ಕಡೆ ನೋಡುತ್ತಿದ್ದಳು.

ತಪ್ಪು ನಡೆದದ್ದು ಆ ವಾರವೇ.

ಹಾಯಿಯಲ್ಲಿ ಐದು ಪಟ್ಟಿ, ನಾಲ್ಕು ಅಡ್ಡ ಹೊಲಿಗೆ. ಹಳೆಯ ದಾರ ಬಿಚ್ಚಿ ಪಟ್ಟಿಗಳನ್ನು ನೆಲದ ಮೇಲೆ ಹಾಸಿದಾಗ ಅವಳಿಗೆ ಅಯ್ಯೋ ಅನ್ನಿಸಿತು. ಒಂದು ಪಟ್ಟಿಯ ಅಂಚೂ ನೆಟ್ಟಗಿರಲಿಲ್ಲ. ಎಲ್ಲವೂ ನಡುವೆ ಎರಡು ಬೆರಳಷ್ಟು ಉಬ್ಬಿದ್ದವು. ಯಾವನೋ ಕೈ ನಡುಗುವ ದರ್ಜಿ ಕತ್ತರಿ ಹಾಕಿದ್ದಾನೆ ಎಂದುಕೊಂಡಳು. ಅವಳು ಹುಟ್ಟಿ ಬೆಳೆದದ್ದು ಮಗ್ಗದ ಮನೆ. ಅಂಚು ಒಂದು ಎಳೆ ಓರೆಯಾದರೂ ಅಪ್ಪ ಸೀರೆಯನ್ನು ಬೆಳಕಿಗೆ ಹಿಡಿದು ಊಟ ಬಿಡುತ್ತಿದ್ದ. ಬಟ್ಟೆ ಎಂದರೆ ನೆಲಕ್ಕೆ ಹಾಸಿದಾಗ ಒಂದು ಸುಕ್ಕಿಲ್ಲದೆ ಮಲಗಬೇಕು ಎಂಬುದು ಆ ಮನೆಯಲ್ಲಿ ಯಾರೂ ಹೇಳಿಕೊಡದೆ ಬರುವ ವಿದ್ಯೆ.

ಬಟ್ಟೆಗೆ ಸುಮ್ಮನೆ ಕತ್ತರಿ ಹಾಕುವ ರೂಢಿಯೂ ಆ ಮನೆಯಲ್ಲಿಲ್ಲ. ಉಬ್ಬನ್ನು ಒಳಕ್ಕೆ ಮಡಚಿ, ಅಂಚಿಗೆ ಅಂಚು ಸೇರಿಸಿ, ನಾಲ್ಕೂ ಹೊಲಿಗೆಯನ್ನು ದಾರ ಹಿಡಿದಷ್ಟು ನೆಟ್ಟಗೆ ಹಾಕಿದಳು. ಹೇಳಿದ ಕೆಲಸಕ್ಕಿಂತ ಒಂದು ಕೈ ಹೆಚ್ಚು ಮಾಡಿದ ಖುಷಿ ಅವಳಿಗೆ. ಆತ ನೋಡಿ ಏನನ್ನಬಹುದು ಎಂದು ಎರಡು ಸಲ ಯೋಚಿಸಿದ್ದೂ ಸುಳ್ಳಲ್ಲ.

ಮಂಗಳವಾರ ಅಜಯಕುಮಾರ ಹಾಯಿಯನ್ನು ಹಾಸಿ ನೋಡಿ, "ಮನಿ ನೆಲದ ಫರಸಿ ಕಲ್ಲು ಇದ್ದಂಗ ಐತ್ರಿ!" ಎಂದ. ಬಾಬಣ್ಣ ಒಳಗಿನಿಂದಲೇ, "ನನ್ನ ಮಗಳ ಹೊಲಿಗಿ ಸೊಟ್ಟ ಆಗೂದಿಲ್ರಿ," ಎಂದು ಕೂಗಿದ.

ಮರುವಾರ ಆತ ಮತ್ತೆ ಬಂದ. ಮೂಗಿನ ಮೇಲೆ ಚರ್ಮ ಸುಲಿದಿತ್ತು.

"ಏನಾತ್ರಿ?"

"ದೋಣಿ ಒಲ್ಲೆ ಅಂತೈತಿ. ಗಾಳಿ ಬರತೈತಿ, ಹಾಯಿ ನಿಲ್ತೈತಿ. ನಾನೂ ಕುಂತಿರತೀನಿ. ಅದು ಮಾತ್ರ ಜಾಗಾ ಬಿಟ್ಟು ಕದಲೂದಿಲ್ಲ. ಮೀನ ಹಿಡಿಯೋ ಉಡಚಪ್ಪ ಹರಗೋಲಿನ್ಯಾಗ ನನ್ನ ದಾಟಿಕೊಂಡು ಹೋಗಿ, ಬೀಡಿ ಸೇದಿ, ತಿರುಗಿ ಬಂದ. ನಾ ಅಲ್ಲೇ ಇದ್ದೆ."

ಸುನಿತಾ ತುಟಿ ಕಚ್ಚಿ ನಗು ತಡೆದಳು. ಅದನ್ನು ಆತ ನೋಡಿದ. ನೋಡಿ, ಇನ್ನಷ್ಟು ಹೇಳಿದ. ದೋಣಿ ಎಡಕ್ಕೆ ವಾಲುತ್ತದಂತೆ. ನಡುವೆ ನೀರಿಗಿಳಿಸುವ ಹಲಗೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದಂತೆ. ಚುಕ್ಕಾಣಿ ಮುಟ್ಟಿದರೆ ಹೊಸ ಎತ್ತು ಕೊಡವಿದಂತೆ ಕೊಡವುತ್ತದಂತೆ. "ಒಬ್ಬರ ಗುಣ ತಿಳಿಯಾಕ ಟೈಮ್ ಬೇಕಲ್ರಿ," ಎಂದ.

"ಹೆಸರು ಇಟ್ಟೀರೇನು?"

"ಮೊದಲ ನನ್ನ ಮಾತು ಕೇಳಲಿ. ಆಮ್ಯಾಲ ಹೆಸರು." ಆಮೇಲೆ ತಡೆದು, "ಹೊಲಿಗಿಯಾಗ ಏನಾರ ಹೆಚ್ಚುಕಮ್ಮಿ ಆಗಿರಬಹುದೇನ್ರಿ?" ಎಂದು ಕೇಳಿದ.

"ಹೊಲಿಗಿ ನೆಟ್ಟಗ ಐತ್ರಿ," ಎಂದಳು ಸುನಿತಾ. ಆಗ ಅವಳು ಅದನ್ನು ನಂಬಿಯೇ ಹೇಳಿದ್ದಳು.

"ಹಂಗಾದ್ರ ತಪ್ಪು ನಂದ," ಎಂದ ಆತ.

ಅವತ್ತು ಹೋಗುವಾಗ ಆತ "ಬರತೀನ್ರಿ" ಎಂದನಷ್ಟೆ. ಮಾತಿನ ಕೊನೆಗೆ "ಅಕ್ಕಾರ" ಇರಲಿಲ್ಲ. ಅದು ಬಿದ್ದುಹೋದದ್ದನ್ನು ಸುನಿತಾ ಕೂಡಲೇ ಗಮನಿಸಿದಳು. ರಾತ್ರಿ ಊಟಕ್ಕೆ ಕೂತಾಗ ಎರಡು ರೊಟ್ಟಿ ಹೆಚ್ಚು ತಿಂದಳು.

ಎರಡು ದಿನ ಕಳೆದಿರಲಿಲ್ಲ. ಪಕ್ಕದ ಮನೆಯ ಕೂಸಿಗೆ ತಲೆಗೆ ಹಾಕುವ ಕುಂಚಿಗೆ ಹೊಲಿಯಲು ಸುನಿತಾ ಖಣದ ತುಂಡು ಜೋಡಿಸುತ್ತಿದ್ದಳು. ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಜ್ಜಿ, ಅವಳ ಆಯಿ ಕಸ್ತೂರೆವ್ವ, ಕೈ ಮೇಲೆ ಒಂದೇಟು ಹಾಕಿದಳು.

"ಅಂಚು ನೆಟ್ಟಗ ಹಿಡದ್ರ ಕೂಸಿನ ತಲಿ ಎಲ್ಲೆ ಹಿಡಸತೈತಿ? ನಡಕ ಉಬ್ಬ ಬಿಡು. ಉಬ್ಬಿಗೆ ಉಬ್ಬ ಕೂಡಿಸಿದ್ರ ಬಟ್ಟಿಗೆ ಹೊಟ್ಟಿ ಬರತೈತಿ."

ಸುನಿತಾಳಿಗೆ ಹಾಯಿ ನೆನಪಾಯಿತು. ಎರಡು ಬೆರಳಿನ ಉಬ್ಬು. ಐದೂ ಪಟ್ಟಿಗೆ, ನಡುವೆಯೇ, ಒಂದೇ ಅಳತೆಗೆ. ಕೈ ನಡುಗುವವನು ಒಂದೇ ಅಳತೆಗೆ ನಡುಗುತ್ತಾನೆಯೇ? ಗಾಳಿ ಕೂರಲೆಂದೇ ಯಾರೋ ಜಾಣರು ಬಿಟ್ಟಿದ್ದ ಹೊಟ್ಟೆಯನ್ನು ಅವಳು ಮಡಚಿ ಒಳಗೆ ಹೊಲಿದಿದ್ದಳು. ಆ ಮನುಷ್ಯ ನೀರಿನ ನಡುವೆ ಕೂತು ತನ್ನನ್ನೇ ಬೈದುಕೊಳ್ಳುತ್ತಿದ್ದ.

ಮಂಗಳವಾರ ಬಂದ ಕೂಡಲೇ ಹೇಳಿಬಿಡಬೇಕು ಎಂದು ನಿಶ್ಚಯಿಸಿದಳು. ಮಾತನ್ನೂ ಜೋಡಿಸಿಟ್ಟುಕೊಂಡಳು.

ಮಂಗಳವಾರ ಅಜಯಕುಮಾರ ಬಂದ. ಕೈಯಲ್ಲಿ ಹಾಯಿ, ಜೊತೆಗೆ ಮುಂಡರಗಿ ಬಸ್ ಸ್ಟ್ಯಾಂಡಿನ ಮಿರ್ಚಿ ಭಜಿಯ ಪೊಟ್ಟಣ. "ನಿಮ್ಮ ಆಯಿಗೆ," ಎಂದ. ಹೇಳುವಾಗ ನೋಡಿದ್ದು ಮಾತ್ರ ಸುನಿತಾಳನ್ನು. ಒಳಗೆ ಬಾಬಣ್ಣ, "ಯಾರದು, ಹಾಯಿಯವರೇನು? ಕೇಳ್ರಿ ನನ್ನ ಮಗಳನ್ನ, ಆಕಿ ಕೈಯಾಗ ಆಗದ್ದು ಯಾರ ಕೈಯಾಗೂ ಆಗೂದಿಲ್ಲ," ಎಂದ.

ಹೇಳಿದರೆ ಹಾಯಿ ಸರಿಯಾಗುತ್ತದೆ. ಸರಿಯಾದ ಹಾಯಿಯನ್ನು ಹೊತ್ತು ಮುಂಡರಗಿಯಿಂದ ಗದಗಿಗೆ ಯಾರು ಬರುತ್ತಾರೆ?

"ಮೂಲಿಗೆ ಇನ್ನೊಂದು ಹೊಲಿಗಿ ಹಾಕಿ ನೋಡೂಣ್ರಿ," ಎಂದಳು. ಬೇಡದ ಹೊಲಿಗೆ ಅದು. ಅದರ ಮರುವಾರ ಹಗ್ಗ ಪೋಣಿಸುವ ಒಂದು ಹಿತ್ತಾಳೆ ಕಣ್ಣು ಬದಲಿಸಿದಳು. ಅದೂ ಬೇಡದ್ದೇ.

ಆತ ಬಂದು ನಿಂತು ದೋಣಿಯ ಸುದ್ದಿ ಹೇಳುವ ಆ ಅರ್ಧ ತಾಸಿಗೆ ಅವಳು ಆರು ದಿನ ಕಾಯುತ್ತಿದ್ದಳು. ಆತ ಹೋದ ಮೇಲೆ ಆರು ದಿನ ತನ್ನನ್ನು ತಾನೇ ಕಳ್ಳಿ ಎಂದುಕೊಳ್ಳುತ್ತಿದ್ದಳು. ಅನ್ನ ರುಚಿಸುತ್ತಿರಲಿಲ್ಲ. ಅಪ್ಪ ಅವಳನ್ನು ಹೊಗಳಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಆತನ ಅಂಗೈಯಲ್ಲಿ ಹಗ್ಗ ಎಳೆದ ಗೆರೆಗಳು ಗಟ್ಟಿಯಾಗಿದ್ದವು. ಅವನ್ನು ನೋಡಿದಾಗಲೆಲ್ಲ ಮಾತು ತುದಿನಾಲಿಗೆಗೆ ಬರುತ್ತಿತ್ತು. ಅಷ್ಟರಲ್ಲಿ ಆತ ನಗುತ್ತಿದ್ದ. ಮಾತು ಮತ್ತೆ ಒಳಗೆ ಹೋಗುತ್ತಿತ್ತು.

ತಪ್ಪು ತಿಳಿದ ಮೇಲಿನ ಮೂರನೆಯ ಮಂಗಳವಾರ ಆತ ಹಾಯಿ ತರಲಿಲ್ಲ. ನಗಲೂ ಇಲ್ಲ.

"ನಿಮಗ ತ್ರಾಸು ಕೊಟ್ಟಿದ್ದು ಸಾಕ್ರಿ. ದೋಣಿ ಕೊಟ್ಟಬಿಡಾಕ ಹತ್ತೀನಿ," ಎಂದ. "ಹೊಸಪೇಟಿ ರೋಡಿನ್ಯಾಗ ಒಂದು ಢಾಬಾದವರು ಕೇಳ್ಯಾರ. ಮುಂದ ನಿಲ್ಲಿಸಿ ಅದರಾಗ ಹೂವಿನ ಗಿಡ ಹಚ್ಚತಾರಂತ. ಮಂದಿ ಸೆಲ್ಫಿ ತಗೋತಾರ."

"ಯಾಕ್ರಿ?" ಎಂದಳು ಸುನಿತಾ.

"ಅದರದೇನೂ ತಪ್ಪಿಲ್ಲ. ನನಗ ಬರೂದಿಲ್ಲ, ಅಷ್ಟ. ಫ್ಯಾನಿಗೆ ಗ್ರೀಸ್ ಹಾಕಾವ ಸುಮ್ಮನ ಗ್ರೀಸ್ ಹಾಕಿಕೊಂಡಿರಬೇಕಿತ್ತು." ಆತ ಅಂಗೈ ನೋಡಿಕೊಂಡ. "ಅಮವಾಸಿ ದಿನ ಮಧ್ಯಾಹ್ನ ಮೂರಕ್ಕ ಟೆಂಪೋ ಬರತೈತಿ."

ಕಪ್ಪತಗುಡ್ಡದ ನೆತ್ತಿಯಲ್ಲಿ ನಿಂತು ಹೆದರದ ಮನುಷ್ಯ ಅವಳ ನಾಲ್ಕು ಹೊಲಿಗೆಯಿಂದ ತನ್ನ ಮೇಲೆ ನಂಬಿಕೆ ಕಳೆದುಕೊಂಡಿದ್ದ. ಅವಳು ಬಾಯಿ ತೆರೆದಳು. ಅದೇ ಹೊತ್ತಿಗೆ ತಾಡಪತ್ರಿಯವರು ಇಬ್ಬರು ಒಳಗೆ ಬಂದರು. ಅವರ ಮುಂದೆ ಬಾಬಣ್ಣನ ಮಗಳು ತನ್ನ ಕೈ ತಪ್ಪಿತೆಂದು ಹೇಳುವುದೇ? ಅವಳು ಅಳತೆ ಟೇಪು ಎತ್ತಿಕೊಂಡಳು. ಟೇಪು ಕೆಳಗಿಟ್ಟಾಗ ಆತ ಹೋಗಿಯಾಗಿತ್ತು.

ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಅವತ್ತು ಬೆಳಗ್ಗೆ ಸುನಿತಾ, "ಆಯಿ, ಹೊಳಿ ಸ್ನಾನಕ್ಕ ಹೋಗೂಣೇನು?" ಎಂದಾಗ ಕಸ್ತೂರೆವ್ವ ಮೊಮ್ಮಗಳ ಮುಖವನ್ನೂ, ಅವಳ ಚೀಲದಲ್ಲಿ ತುರುಕಿದ್ದ ಸೂಜಿ ದಾರವನ್ನೂ ನೋಡಿದಳು. "ಹೊಳ್ಯಾಗ ಹೊಲಿಗಿ ಏನೈತಿ?" ಎಂದಳು. ಬಸ್ಸಿನಲ್ಲಿ ಸುನಿತಾ ಎಲ್ಲವನ್ನೂ ಹೇಳಿದಳು. ಮುಂಡರಗಿ ಬರುವವರೆಗೂ ಕಸ್ತೂರೆವ್ವ ಕಿಟಕಿಯ ಹೊರಗೇ ನೋಡುತ್ತಿದ್ದಳು. ಹಮ್ಮಿಗಿಯ ಗಾಡಿ ಹತ್ತುವಾಗ ಮಾತ್ರ, "ಹೊಲಿಗಿ ತಪ್ಪಿದ್ದಕ್ಕ ಯಾರೂ ಸಾಯೂದಿಲ್ಲ. ಮುಚ್ಚಿಟ್ಟದ್ದು ಮಾತ್ರ ಸಣ್ಣ ತಪ್ಪಲ್ಲ, ತಿಳೀತಿಲ್ಲೋ?" ಎಂದಳು.

ದೋಣಿ ದಂಡೆಯ ಮೇಲೆ ವಾಲಿ ನಿಂತಿತ್ತು. ಅವಳು ಎಣಿಸಿದ್ದಕ್ಕಿಂತ ಸಣ್ಣದು, ಎರಡು ಹೊರಸು ಮಂಚದಷ್ಟು ಉದ್ದ. ಐದು ವಾರ ಬರೀ ಮಾತಿನಲ್ಲಿ ಕೇಳಿದ್ದ ಎಡದ ವಾಲು, ಸಿಕ್ಕಿಕೊಳ್ಳುವ ಹಲಗೆ, ಎಲ್ಲವೂ ಗುರುತಿನವರಂತೆ ಕಂಡವು. ಅಜಯಕುಮಾರ ಅದನ್ನು ಒರೆಸುತ್ತಿದ್ದ. ಕೊಟ್ಟುಬಿಡುವ ವಸ್ತುವನ್ನು ಯಾಕೆ ಒರೆಸಬೇಕು ಎಂದು ಅವಳಿಗೆ ಅನ್ನಿಸಿತು.

"ತಪ್ಪು ನಿಮ್ಮದಲ್ಲ," ಎಂದಳು, ನಿಂತಲ್ಲೇ, ಉಸಿರು ಬಿಡದೆ. "ಹಾಯಿಗೆ ಹೊಟ್ಟಿ ಇರಬೇಕು. ನಾನದನ್ನ ಮಡಚಿ ಹೊಲದೀನಿ. ಅದಕ್ಕ ದೋಣಿ ಹೋಗವಲ್ದು."

ಆತ ಅರಿವೆ ಕೆಳಗಿಟ್ಟ. ಹಾಯಿಯ ಹೊಲಿಗೆಯ ಮೇಲೆ ಬೆರಳಾಡಿಸಿದ. ಮಡಿಕೆ ಬೆರಳಿಗೆ ಸಿಕ್ಕಿತು.

"ಯಾವಾಗ ಗೊತ್ತಾತು?"

"ಮೂರು ವಾರ ಆತು."

"ಮೂರು ವಾರ." ಆತನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಹಗುರಾಗುತ್ತಿತ್ತು. "ಮೂರು ವಾರ ಈ ನೀರಾಗ ಕುಂತು ನನ್ನನ್ನ ನಾನ ಬೈಕೊಂಡೇನ್ರಿ. ನಿಮ್ಮ ಮುಂದ ಬಂದು ಹೇಳೇನಿ. ನೀವು ಕೇಳಿಸಿಕೊಂಡ್ರಿ."

"ಹೌದು."

"ಯಾಕ ಹೇಳಲಿಲ್ಲ?"

ಅಪ್ಪನ ಹೆಸರು, ಅಂಗಡಿಯ ಮರ್ಯಾದೆ, ತಾಡಪತ್ರಿಯವರು, ಎಲ್ಲ ನೆವಗಳೂ ಸಾಲಾಗಿ ಬಂದವು. ಅವೂ ನಿಜವೇ. ಆದರೆ ಎಲ್ಲಕ್ಕೂ ಕೆಳಗೆ ಇದ್ದದ್ದು ಒಂದೇ ನಿಜ.

"ಹಾಯಿ ಸರಿಯಾದ್ರ ನೀವು ಬರೂದು ನಿಲ್ತಿತ್ತು," ಎಂದಳು ಸುನಿತಾ.

ಅಜಯಕುಮಾರ ಹಾಯಿಯನ್ನು ಅವಳ ಕೈಗೂ ಕೊಡದೆ ದೋಣಿಯ ಅಂಚಿಗೆ ಹಾಕಿ, ದಂಡೆಗುಂಟ ನಡೆದುಹೋದ.

ಸುನಿತಾಳಿಗೆ ಅಳಲು ಪುರಸೊತ್ತಿರಲಿಲ್ಲ. ಗಂಟೆ ಹತ್ತಾಗಿತ್ತು. ಹೊಳೆಯಲ್ಲಿ ಮುಳುಗೆದ್ದು ಒದ್ದೆ ಸೀರೆಯಲ್ಲೇ ಬಂದ ಕಸ್ತೂರೆವ್ವನೂ ಅವಳೂ ಬಂಡೆಯ ಮೇಲೆ ಹಾಯಿ ಹಾಸಿಕೊಂಡು ಕೂತರು. ಹೊಲಿಗೆ ಬಿಚ್ಚಿದರು, ಮಡಚಿಟ್ಟ ಉಬ್ಬು ಹೊರಗೆ ಬಂತು. ಒಂದು ಕಡೆಯಿಂದ ಆಯಿ, ಇನ್ನೊಂದು ಕಡೆಯಿಂದ ಮೊಮ್ಮಗಳು, ಉಬ್ಬಿಗೆ ಉಬ್ಬು ಕೂಡಿಸಿ ಕೈಹೊಲಿಗೆ ಹಾಕತೊಡಗಿದರು. ಗಟ್ಟಿ ಬಟ್ಟೆ, ಸೂಜಿ ತಳ್ಳಿ ತಳ್ಳಿ ಹೆಬ್ಬೆರಳು ಸುಲಿಯಿತು. ಚುಚ್ಚಿದಾಗಲೆಲ್ಲ ಇದು ತನಗೆ ಬರಬೇಕಾದ್ದೇ ಎಂದುಕೊಂಡಳು. ಉಡಚಪ್ಪ ಹರಗೋಲು ದಂಡೆಗೆ ಎಳೆದು, ಬೀಡಿ ಸೇದುತ್ತ, ಅಮಾವಾಸ್ಯೆಯ ದಿನ ಹೊಳೆಗೆ ಬಂದು ಹೊಲಿಯುವ ಹೆಂಗಸರನ್ನು ಬಾಯಿಬಿಟ್ಟು ನೋಡಿದ.

ಮೂರು ಹೊಲಿಗೆ ಮುಗಿದಾಗ ಒಂದೂವರೆ. ನಾಲ್ಕನೆಯದು ಎಲ್ಲಕ್ಕಿಂತ ಉದ್ದ. ಗಾಳಿಗೆ ಬಟ್ಟೆ ಹಾರಿ ಹಾರಿ ಅಂಚು ತಪ್ಪುತ್ತಿತ್ತು. ಆಗ ಯಾರೋ ಎದುರಿಗೆ ಕೂತು ಎರಡೂ ಅಂಚನ್ನು ಬಿಗಿಯಾಗಿ ಹಿಡಿದರು. ಹಗ್ಗದ ಗೆರೆಯಿದ್ದ ಕೈ. ಸುನಿತಾ ತಲೆ ಎತ್ತಲಿಲ್ಲ. ಸೂಜಿ ಆ ಬೆರಳುಗಳ ಹತ್ತಿರಕ್ಕೆ ಬಂದಾಗ ಕೈ ಒಂದಿಷ್ಟು ಸರಿಯುತ್ತಿತ್ತು, ಮತ್ತೆ ಹಿಡಿಯುತ್ತಿತ್ತು.

ಕೊನೆಯ ಗಂಟು ಹಾಕುವ ಹೊತ್ತಿಗೆ ಟೆಂಪೋ ಬಂದು ಹಾರ್ನ್ ಹೊಡೆಯಿತು.

"ಒಂದು ತಾಸು ನಿಲ್ರಿ," ಎಂದು ಅಜಯಕುಮಾರ ಕೂಗಿದ. ಆಮೇಲೆ ಅವಳನ್ನು ನೋಡದೆ, "ಹತ್ರಿ," ಎಂದ.

"ನಾನಾ?"

"ಹೊಲದಾವ್ರು ನೀವು. ಈ ಸಲ ತಪ್ಪಿದ್ರ ನಿಮ್ಮ ಕಣ್ಣಾರೆ ನೋಡ್ರಿ."

ದೋಣಿ ನೀರಿಗಿಳಿಯಿತು, ಹಾಯಿ ಏರಿತು. ಮೊದಲು ಪಟಪಟ ಬಡಿಯಿತು. ಆತ ಹಗ್ಗ ಸ್ವಲ್ಪ ಎಳೆದ. ಮರುಕ್ಷಣ ಬಟ್ಟೆ ಸುಮ್ಮನಾಯಿತು. ಕೂಸಿನ ತಲೆ ಹೊಕ್ಕ ಕುಂಚಿಗೆಯ ಹಾಗೆ ತುಂಬಿಕೊಂಡಿತು. ದೋಣಿ ಒಮ್ಮೆ ನಡುಗಿ ಹೊರಟಿತು. ದಂಡೆ, ಟೆಂಪೋ, ಸೆರಗು ಬೀಸುತ್ತಿದ್ದ ಕಸ್ತೂರೆವ್ವ, ಎಲ್ಲವೂ ಹಿಂದೆ ಸರಿದವು. ತಳದಲ್ಲಿ ನೀರು ಗುಳುಗುಳು ಸದ್ದು ಮಾಡಿತು. ದೂರದಲ್ಲಿ ಕಪ್ಪತಗುಡ್ಡದ ಫ್ಯಾನುಗಳು ನಿಧಾನಕ್ಕೆ ತಿರುಗುತ್ತಿದ್ದವು. ಅಜಯಕುಮಾರನ ಬಾಯಿ ತೆರೆದಿತ್ತು. ಆತನ ಕಣ್ಣು ತುಂಬಿದ್ದನ್ನು ನೋಡಿ ಸುನಿತಾ ಮುಖ ತಿರುಗಿಸಿದಳು. ಈ ಖುಷಿಯನ್ನು ಮೂರು ವಾರ ಬಚ್ಚಿಟ್ಟವಳು ತಾನೇ ಎಂಬುದು ಅವಳಿಗೆ ಆಗ ಸರಿಯಾಗಿ ತಿಳಿಯಿತು. ಅವಳೂ ಅತ್ತಳು.

ತಿರುಗಿ ಬರುವಾಗ ಆತ ಹೇಳಿದ. "ನನ್ನ ಸಿಟ್ಟು ಇನ್ನೂ ಹೋಗಿಲ್ಲ."

"ಹೋಗಬಾರದು."

"ಮುಂದಿನ ಮಂಗಳವಾರ ಹಾಯಿ ತರೂದಿಲ್ಲ."

"ಗೊತ್ತೈತಿ," ಎಂದಳು. ಇನ್ನು ಆತ ಬರುವುದಿಲ್ಲ ಎಂದೇ ಅವಳು ಅರ್ಥ ಮಾಡಿಕೊಂಡಳು. ಟೆಂಪೋ ಖಾಲಿಯಾಗಿ ಹೋದದ್ದೊಂದೇ ಅವತ್ತಿನ ಸಮಾಧಾನ. ಮನೆಗೆ ಬಂದು ಅಪ್ಪನ ಮುಂದೆಯೂ ಹೇಳಿದಳು. ಬಾಬಣ್ಣ, "ಇನ್ನ ಮ್ಯಾಲೆ ಕೂಗಿ ಹೇಳೂದಿಲ್ಲ ಬಿಡವಾ," ಎಂದ.

ಮಂಗಳವಾರ ಅವಳು ಬಾಗಿಲಿಗೆ ಬೆನ್ನು ಹಾಕಿ ಮಷೀನು ತಿರುಗಿಸಿಕೊಂಡು ಕೂತಿದ್ದಳು. ಕಾಯುವ ಹಕ್ಕು ತನಗಿಲ್ಲ ಎಂದು ತೀರ್ಮಾನಿಸಿದ್ದಳು. ಹನ್ನೊಂದರ ಹೊತ್ತಿಗೆ ಒಳಗಿನ ಮಗ್ಗ ನಿಂತಿತು.

"ಬರ್ರಿ ಹಾಯಿಯವರ," ಎಂದ ಬಾಬಣ್ಣ. "ಮತ್ತೇನು ಹರದೈತಿ?"

"ಏನೂ ಹರದಿಲ್ರಿ."

"ಹಂಗಾರ ಏನ ತಂದೀರಿ?"

"ಏನೂ ತಂದಿಲ್ರಿ ಕಾಕಾರ. ಸುನಿತಾನ್ನ ನೋಡಾಕ ಬಂದೀನಿ."

ಸುನಿತಾ ತಿರುಗಿದಳು. ಹೊಸ್ತಿಲಲ್ಲಿ ಆತ ನಿಂತಿದ್ದ, ಎರಡೂ ಕೈ ಖಾಲಿ. ಅವಳ ಹೆಬ್ಬೆರಳಿನ ಗಾಯದ ಪಟ್ಟಿಯನ್ನು ಒಮ್ಮೆ ನೋಡಿದ, ಆಮೇಲೆ ಮುಖ ನೋಡಿದ. ಓಣಿಯಲ್ಲಿ ಯಾರೋ ನಿಂತು ನೋಡುತ್ತಿದ್ದರು. ನೋಡಲಿ ಎಂದುಕೊಂಡು ಅವಳು ಸ್ಟೂಲಿನ ಮೇಲಿದ್ದ ತಾಡಪತ್ರಿ ತೆಗೆದು ಕೆಳಗಿಟ್ಟಳು.

"ಕುಂಡ್ರಿ," ಎಂದಳು. "ಚಾ ಇಡತೀನಿ."